ಕೈ ಖಾಲಿ

ಅತ್ತಿಗೆ ಬಾಯಿ ತೆರೆದರೆ ಲೋಟ ಬೀಳುತ್ತಿತ್ತು. ಇದಕ್ಕೆ ನಾನು ಉಪ್ಪು ಖಾರ ಹಚ್ಚುತ್ತಿಲ್ಲ, ಸರಕು ವಾಯುನೌಕೆಯ ಮೈದಾನದಲ್ಲಿ ಕೆಲಸ ಮಾಡುವ ಯಾರನ್ನು ಬೇಕಾದರೂ ಕೇಳಿ ನೋಡಬಹುದು. ಹನ್ನೊಂದು ಗಂಟೆಯ ಚಹಾದ ಹೊತ್ತಿಗೆ ಹಗ್ಗದ ತಂಡದ ಇಪ್ಪತ್ನಾಲ್ಕು ಜನ ಕ್ಯಾಂಟೀನಿನ ಉದ್ದ ಮೇಜಿನ ಎರಡೂ ಬದಿಗೆ ಕೂತು, ಇನ್ನೇನು ಮೊದಲ ಗುಟುಕು ಗಂಟಲಿಗೆ ಇಳಿಯಬೇಕು, ಅಷ್ಟರಲ್ಲಿ ಬಾಗಿಲ ಬಳಿ ಅವಳ ದನಿ: "ಕೈ ಖಾಲಿ." ಇಪ್ಪತ್ನಾಲ್ಕು ಲೋಟಗಳು ಒಟ್ಟಿಗೆ ನೆಲ ಕಾಣುತ್ತಿದ್ದವು. ಚಹಾ ಪ್ಯಾಂಟಿನ ಮೇಲೆ, ಬಿಸ್ಕತ್ತು ಬೆಂಚಿನ ಕೆಳಗೆ, ಬೈಗುಳ ಹಲ್ಲಿನ ನಡುವೆ. ಅತ್ತಿಗೆ ಯಾರ ಲೋಟ ಕಡೆಗೆ ಬಿತ್ತು ಎಂದು ನೋಡಿಕೊಂಡು, ಜೇಬಿನ ಪುಸ್ತಕದಲ್ಲಿ ಒಂದು ಗೀಟು ಎಳೆದು, ಎಡಗಾಲು ಕುಂಟುತ್ತಾ ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದಳು.

ಕಡೆಗೆ ಬೀಳುವ ಲೋಟ ಯಾವಾಗಲೂ ನಾದಿನಿಯದೇ. ಅತ್ತಿಗೆಯ ಗಂಡನ ತಂಗಿ ಅವಳು, ಮೂರನೇ ಹಗ್ಗದವಳು. ಅವಳು "ಅತ್ತಿಗೆ ಅತ್ತಿಗೆ" ಎಂದು ಕರೆಯುವುದನ್ನು ಕೇಳಿ ಕೇಳಿ ಇಡೀ ತಂಡ, ಆಮೇಲೆ ಪೈಲಟ್, ಕಡೆಗೆ ಮ್ಯಾನೇಜರು ಕೂಡ ಹಾಗೇ ಕರೆಯತೊಡಗಿದ್ದರು. ನಾದಿನಿಯದು ಉಡದ ಪಟ್ಟು. ಹಿಡಿದ ಹಗ್ಗ, ಹಿಡಿದ ಮಾತು, ಹನ್ನೆರಡು ವರ್ಷದ ಹಿಂದಿನ ಜಗಳ, ಯಾವುದನ್ನೂ ಬಿಟ್ಟ ಹೆಣ್ಣಲ್ಲ. ಲೋಟವನ್ನೂ ಅಷ್ಟೇ, ಉಳಿದವರ ಲೋಟಗಳು ನೆಲದಲ್ಲಿ ಉರುಳಾಡುತ್ತಿರುವಾಗ ಗಟಗಟ ಎಂದು ಚಹಾ ಮುಗಿಸಿ ಆಮೇಲೆ ಬಿಡುತ್ತಿದ್ದಳು. ಗೀಟುಗಳ ಪುಸ್ತಕದಲ್ಲಿ ಅವಳ ಪುಟವೇ ತುಂಬಿಹೋಗಿತ್ತು. ಹೀಗೇ ಆದರೆ ನಿನ್ನನ್ನು ಹಗ್ಗದಿಂದ ತೆಗೆಯುತ್ತೇನೆ ಎಂದು ಅತ್ತಿಗೆ ಎಷ್ಟು ಸಲ ಹೇಳಿದ್ದಳೋ, ನಾದಿನಿ ಅಷ್ಟು ಸಲವೂ ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಟ್ಟಿದ್ದಳು. ಬಿಡುವ ವಿದ್ಯೆ ಅವಳಿಗೆ ಅಲ್ಲೊಂದು ಕಡೆ ಮಾತ್ರ ಚೆನ್ನಾಗಿ ಬರುತ್ತಿತ್ತು.

ಲೋಟ ಬೀಳಿಸುವುದರಲ್ಲಿ ಏನು ಕೆಲಸ ಎಂದು ಕೇಳುವವರಿಗೆ ವಾಯುನೌಕೆಯ ಗುಣ ತಿಳಿದಿರಬೇಕು. ತಂಡದವರು ಪ್ರೀತಿಯಿಂದ ಡುಮ್ಮಿ ಎಂದು ಕರೆಯುತ್ತಿದ್ದ ಆ ನೌಕೆ ನೂರು ಮೀಟರಿಗಿಂತ ಉದ್ದ, ಹೊಟ್ಟೆ ತುಂಬ ಹೀಲಿಯಂ ಅನಿಲ. ಅನಿಲ ಸದಾ ಮೇಲಕ್ಕೆ ಎಳೆಯುತ್ತದೆ, ಸರಕಿನ ಭಾರ ಕೆಳಕ್ಕೆ ಎಳೆಯುತ್ತದೆ. ಹನ್ನೆರಡು ಟನ್ ಸರಕು ಇಳಿಸುವ ಮೊದಲು ಹನ್ನೆರಡು ಟನ್ ನೀರನ್ನು ಅವಳ ತೊಟ್ಟಿಗಳಿಗೆ ತುಂಬಬೇಕು. ನೀರು ಮೊದಲು, ಸರಕು ಆಮೇಲೆ. ಅದು ತಪ್ಪಿದರೆ ಡುಮ್ಮಿ ಯಾರ ಮುಲಾಜೂ ಇಟ್ಟುಕೊಳ್ಳದೆ ಎದ್ದು ಹೊರಡುತ್ತಾಳೆ. ಅವಳ ಮೈಯಿಂದ ಇಳಿಬಿದ್ದ ಆರು ಹಗ್ಗಗಳಲ್ಲಿ ಒಂದೊಂದಕ್ಕೆ ನಾಲ್ವರಂತೆ ಹಿಡಿದವರು ಆಗ ಒಂದೇ ಕೆಲಸ ಮಾಡಬೇಕು, ಎಲ್ಲರೂ ಒಂದೇ ಸಲಕ್ಕೆ ಬಿಡಬೇಕು. ಒಬ್ಬ ಹಿಡಿದುಕೊಂಡರೆ ಅವನು ಹಗ್ಗದ ಜೊತೆ ಮೇಲೆ ಹೋಗುತ್ತಾನೆ. ಒಂದು ಆಳೆತ್ತರದಲ್ಲಿ ಬಿಟ್ಟರೆ ಕಾಲು ಉಳುಕುತ್ತದೆ, ಅಲ್ಲಿ ಬಿಡಲು ಹೆದರಿದವನು ಮೂರು ಆಳೆತ್ತರದಲ್ಲಿ ಇನ್ನೂ ಹೆದರುತ್ತಾನೆ. ಭಾರವಾದದ್ದು ಕೈ ಜಾರುವಾಗ ಮನುಷ್ಯನ ಕೈ ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ಅದು ಅದರ ಹುಟ್ಟುಗುಣ. ಆ ಗುಣವನ್ನು ದಿನಕ್ಕೆ ನಾಲ್ಕು ಸಲ ತಿದ್ದುವುದೇ ಅತ್ತಿಗೆಯ ಪಾಠ. "ಬಿಡಿ" ಎಂಬ ಮಾತನ್ನು ಅವಳು ಇಟ್ಟುಕೊಳ್ಳಲಿಲ್ಲ. ಹೋಗಲಿ ಬಿಡಿ, ಇರಲಿ ಬಿಡಿ ಎಂದು ಜನ ದಿನಕ್ಕೆ ನೂರು ಸಲ ಅನ್ನುತ್ತಾರೆ. ಅದಕ್ಕೇ ಬೇರೆ ಯಾರ ಬಾಯಲ್ಲೂ ಬಾರದ ಕೈ ಖಾಲಿ.

ಈ ಪಾಠವನ್ನು ಅವಳು ಪುಸ್ತಕದಿಂದ ಕಲಿತಿರಲಿಲ್ಲ. ಎಂಟು ವರ್ಷದ ಹಿಂದೆ, ಡುಮ್ಮಿಗಿಂತ ಚಿಕ್ಕದಾದ ಮೊದಲ ನೌಕೆಯ ಪ್ರಯೋಗದಲ್ಲಿ, ಗಾಳಿ ಬೀಸಿ ನೌಕೆ ಎದ್ದಾಗ ಒಬ್ಬೊಬ್ಬರಾಗಿ ಬಿಡತೊಡಗಿದ್ದರು, ಅವಳು ಬಿಟ್ಟಿರಲಿಲ್ಲ. ನಾನೂ ಬಿಟ್ಟರೆ ನೌಕೆಯೇ ಹೋಯಿತಲ್ಲ ಎಂದುಕೊಂಡಿದ್ದಳು. ಅವಳು ಹಿಡಿದದ್ದನ್ನು ನೋಡಿ ಹಿಂದಿದ್ದವನೂ ಹಿಡಿದ. ಇಬ್ಬರೂ ಎರಡಂತಸ್ತಿನ ಎತ್ತರಕ್ಕೆ ಹೋಗಿ ಬಿದ್ದರು. ಅವಳ ಎಡಗಾಲು ಮುರಿದು ಒಂದು ಬೆರಳಿನಷ್ಟು ಗಿಡ್ಡವಾಯಿತು. ಅವನ ಬೆನ್ನುಮೂಳೆ ಜಖಂ ಆಗಿ, ಆರು ತಿಂಗಳು ಮಲಗಿ, ಎದ್ದ ಮೇಲೆ ಹಗ್ಗ ಹಿಡಿಯಲು ಆಗದೆ ಕ್ಯಾಂಟೀನು ಸೇರಿದ. ಈಗ ಎಲ್ಲರೂ ಕ್ಯಾಂಟೀನ್ ಮಾಮ ಎನ್ನುವುದು ಅವನನ್ನೇ. ಕಂಪನಿಯವರು ಅವಳ ಧೈರ್ಯ ಮೆಚ್ಚಿ ಒಂದು ಪ್ರಶಸ್ತಿಪತ್ರ ಕೊಟ್ಟಿದ್ದರು. ಅವಳು ಅದನ್ನು ಕಟ್ಟು ಸಮೇತ ಅಕ್ಕಿ ಡಬ್ಬಕ್ಕೆ ಮುಚ್ಚಳ ಮಾಡಿಕೊಂಡಿದ್ದಳು.

ಮಾಮ ಆ ದಿನದ ಬಗ್ಗೆ ಒಂದೇ ಒಂದು ಮಾತು ಆಡಿದವನಲ್ಲ. ಬೆನ್ನು ಬಾಗಿಸಿಕೊಂಡೇ ಚಹಾ ಸೋಸುತ್ತಿದ್ದ, ಬಾಗಿಸಿಕೊಂಡೇ ನೆಲ ಒರೆಸುತ್ತಿದ್ದ. ಅವನ ತಕರಾರೆಲ್ಲ ಲೋಟದ ಮೇಲೆ. ಪಾಠ ಶುರುವಾದ ಮೊದಲ ವಾರದಲ್ಲೇ ಒಂದು ಡಜನ್ ಪಿಂಗಾಣಿ ಕಪ್ಪುಗಳು ಪುಡಿಯಾದಾಗ ಅವನು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಆಮೇಲೆ ತಂಡಕ್ಕೆ ಸ್ಟೀಲ್ ಲೋಟ ತಂದಿಟ್ಟು, ಉಳಿದ ನೀಲಿ ಅಂಚಿನ ಕಪ್ಪುಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟದ ದಾರಕ್ಕೆ ಕಟ್ಟಿಕೊಂಡಿದ್ದ. ಅವು ದೊಡ್ಡ ಅತಿಥಿಗಳಿಗೆ ಮಾತ್ರ. ಅತ್ತಿಗೆ ಬೀರುವಿನ ಹತ್ತಿರ ಸುಳಿದರೂ ಅವನು ಅಡ್ಡ ಬಂದು ನಿಲ್ಲುತ್ತಿದ್ದ. ಅವನ ಬಾಗಿದ ಬೆನ್ನು ಕಂಡಾಗಲೆಲ್ಲ ಅವಳಿಗೆ ಆ ಬಿದ್ದ ದಿನ ನೆನಪಾಗುತ್ತಿತ್ತು. ಕ್ಷಮೆ ಕೇಳಬೇಕೆಂದು ಎಂಟು ವರ್ಷದಿಂದ ಅಂದುಕೊಂಡು, ಎಂಟು ವರ್ಷದಿಂದಲೂ "ಸಕ್ಕರೆ ಕಮ್ಮಿ ಮಾಮ" ಎಂದಷ್ಟೇ ಹೇಳಿ ಬರುತ್ತಿದ್ದಳು.

ಇಂಥ ಪಾಠಕ್ಕೆ ಕುತ್ತು ಬಂದದ್ದು ಒಂದು ಗಾಜಿನ ಬೊಂಬೆಯಿಂದ. ಕಚೇರಿಯ ಮುಂಬಾಗಿಲಲ್ಲಿ ಮ್ಯಾನೇಜರು ಡುಮ್ಮಿಯ ಒಂದು ಗಾಜಿನ ಪ್ರತಿರೂಪ ಮಾಡಿಸಿ ಇಟ್ಟಿದ್ದರು. ಅದರ ಮೇಲೆ ಧೂಳು ಕೂತರೆ ಅವರಿಗೆ ಊಟ ರುಚಿಸುತ್ತಿರಲಿಲ್ಲ. ಗೋಡೆಗೆ ಬಣ್ಣ ಹೊಡೆಯುವ ದಿನ ಅದನ್ನು ಪಕ್ಕದ ಕೋಣೆಗೆ ಸಾಗಿಸಲು ಅವರೇ ಹಗ್ಗದ ತಂಡದ ಇಬ್ಬರನ್ನು ಕರೆಸಿದರು, ಗಟ್ಟಿ ಕೈಯವರು ಎಂದು. ಮೂಲೆಯ ಆಚೆ ಅವರ ಕೈಯಲ್ಲಿ ಏನಿದೆ ಎಂದು ಅರಿಯದ ಅತ್ತಿಗೆ, ಪಡಸಾಲೆಯಲ್ಲಿ ಅವರ ಬೂಟಿನ ಸದ್ದು ಕೇಳಿ, ಪಾಠದ ಹೊತ್ತಾಯಿತೆಂದು ತನ್ನ ಮಾತು ಹೇಳಿಬಿಟ್ಟಳು. ಇಬ್ಬರೂ ಒಳ್ಳೆಯ ವಿದ್ಯಾರ್ಥಿಗಳು. ಗಾಜಿನ ಡುಮ್ಮಿ ಅಕ್ಕಿ ಕಾಳಿನಷ್ಟು ಚೂರಾಗಿ ಪಡಸಾಲೆ ತುಂಬ ಹರಡಿಕೊಂಡಳು.

ಮ್ಯಾನೇಜರ ಪಿತ್ತ ನೆತ್ತಿಗೇರಿತು. ಮಾರನೆಯ ದಿನವೇ ಕಾಗದ ಬಂತು. ಆ ಪದ ಇನ್ನು ಮೈದಾನದ ಬೇಲಿಯೊಳಗೆ ಕೇಳಬಾರದು. ನೆಲದ ತಂಡದ ಮುಂದಾಳತ್ವ ಇನ್ನು ಹೊಸ ಎಂಜಿನಿಯರದು, ಅವನು ಸೀಟಿ ಊದಿ ಅಪ್ಪಣೆ ಕೊಡುತ್ತಾನೆ, ಒಂದು ಉದ್ದ ಸೀಟಿ ಎಂದರೆ ಹಿಡಿಯಬೇಕು, ಮೂರು ಗಿಡ್ಡ ಸೀಟಿ ಎಂದರೆ ಬಿಡಬೇಕು. ಅತ್ತಿಗೆ ಹಗ್ಗದ ಆಳಾಗಿ ಇರಬಹುದು. ಆ ಪದ ಇನ್ನೊಂದು ಸಲ ಕಿವಿಗೆ ಬಿದ್ದರೆ ಅವಳು ಮನೆಯಲ್ಲಿ ಇರಬಹುದು. ತಿಂಗಳ ಕೊನೆಗೆ ಖರೀದಿಗೆ ಬರುವವರ ಮುಂದೆ ಡುಮ್ಮಿಯ ಪ್ರದರ್ಶನ ಇತ್ತು, ಅವರ ಎದುರಿಗೆ ಇಂಥ ಹುಚ್ಚಾಟ ಬೇಡ ಎಂದು ಕೊನೆಯ ಸಾಲಿನಲ್ಲಿ ಬರೆದಿತ್ತು.

ಅತ್ತಿಗೆ ಕಾಗದ ಮಡಚಿ ಜೇಬಿಗಿಟ್ಟಳು. ಅತ್ತು ರಂಪ ಮಾಡುವ ಜಾತಿಯಲ್ಲ ಅವಳದು. ಆದರೆ ಆ ರಾತ್ರಿ ಊಟಕ್ಕೆ ಕೂತಾಗ ಬಸ್ ಓಡಿಸುವ ಗಂಡ, ಈ ಕೆಲಸ ಹೋದರೆ ಹೋಗಲಿ, ನನ್ನ ಬಸ್ಸಿಗೆ ಕಂಡಕ್ಟರಾಗಿ ಬಾ, ನಿನ್ನ ಗಂಟಲಿಗೆ ಜನ ತಾವಾಗಿ ಇಳಿದು ಹೋಗುತ್ತಾರೆ ಎಂದು ನಗಿಸಲು ನೋಡಿದ, ಅವಳು ನಗಲಿಲ್ಲ. ಇಪ್ಪತ್ತು ವರ್ಷ ಬಂದರಿನಲ್ಲಿ ಹಡಗು ಕಟ್ಟಿ, ಒಂಬತ್ತು ವರ್ಷ ಇಲ್ಲಿ ನೌಕೆ ಹಿಡಿದು, ಅವಳು ತನ್ನದೆಂದು ಸಂಪಾದಿಸಿದ್ದು ಇಪ್ಪತ್ನಾಲ್ಕು ಜೊತೆ ಕೈಗಳನ್ನು. ಅವನ್ನು ಸೀಟಿಗೆ ಒಪ್ಪಿಸಿ ಸುಮ್ಮನೆ ಕೂರುವುದು ಅವಳಿಗೆ ನುಂಗಲಾರದ ತುತ್ತಾಗಿತ್ತು.

ಪ್ರದರ್ಶನದ ದಿನ ಬೆಳಗ್ಗೆ ಮೋಡ ಕವಿದಿತ್ತು. ಖರೀದಿಗೆ ಬಂದವರು ನಾಲ್ವರು, ರಸ್ತೆಯೇ ಇಲ್ಲದ ಕಡೆಗಳಲ್ಲಿ ಆಸ್ಪತ್ರೆ ನಡೆಸುವವರು. ಅವರ ಮುಂದಾಳು ನರೆತ ಕೂದಲಿನ ಡಾಕ್ಟರಮ್ಮ, ಮಾತು ಕಡಿಮೆ, ಕಣ್ಣು ಎಲ್ಲ ಕಡೆ. ಡುಮ್ಮಿಯ ಹೊಟ್ಟೆಯಡಿ ತೂಗುತ್ತಿದ್ದ ಉಕ್ಕಿನ ಪೆಟ್ಟಿಗೆಯೊಳಗೆ ಒಂದಿಡೀ ಶಸ್ತ್ರಚಿಕಿತ್ಸೆಯ ಕೋಣೆಯಿತ್ತು. ಕಟ್ಟುವ ಕಂಬವಿಲ್ಲದ ಬಯಲಿನಲ್ಲಿ, ಬರೀ ಹಗ್ಗ ಹಿಡಿದ ಜನರ ಬಲದಲ್ಲಿ ಅದನ್ನು ಇಳಿಸಿ ತೋರಿಸಬೇಕು. ಮಾಮ ಬೀರುವಿನ ಬೀಗ ತೆಗೆದು ನೀಲಿ ಅಂಚಿನ ಕಪ್ಪುಗಳಲ್ಲಿ ಅತಿಥಿಗಳಿಗೆ ಚಹಾ ಕೊಟ್ಟ. ಅತ್ತಿಗೆ ದೂರದಲ್ಲಿದ್ದಾಳೆ ಎಂದು ಎರಡೆರಡು ಸಲ ತಿರುಗಿ ನೋಡಿ ಖಾತ್ರಿ ಮಾಡಿಕೊಂಡ.

ಮೂರನೇ ಹಗ್ಗದ ಒಬ್ಬನಿಗೆ ಜ್ವರ ಬಂದಿದ್ದರಿಂದ ಅತ್ತಿಗೆ ಅವನ ಜಾಗಕ್ಕೆ ನಿಂತಿದ್ದಳು, ನಾದಿನಿಯ ಮುಂದೆ. ಆರು ಗಂಟೆಗೇ ಎಂಜಿನಿಯರ್ ಅವಳ ಹತ್ತಿರ ಬಂದಿದ್ದ. ಒಳ್ಳೆಯ ಹುಡುಗನೇ, ಲೆಕ್ಕದಲ್ಲಿ ಹುಲಿ. ತೊಟ್ಟಿಗಳಿಗೆ ಅರ್ಧ ನೀರು ತುಂಬುತ್ತಲೇ ಪೆಟ್ಟಿಗೆಯ ಕೊಂಡಿ ಬಿಚ್ಚಿಬಿಡುತ್ತೇನೆ, ಉಳಿದ ಎಳೆತವನ್ನು ಎಂಜಿನ್‌ಗಳು ಕೆಳಕ್ಕೆ ಒತ್ತಿ ಸರಿದೂಗಿಸುತ್ತವೆ, ಇಪ್ಪತ್ತು ನಿಮಿಷ ಉಳಿಯುತ್ತದೆ, ಅತಿಥಿಗಳು ಬೇಸರಪಡುವುದಿಲ್ಲ ಎಂದು ಕಾಗದ ತೋರಿಸಿ ವಿವರಿಸಿದ. ಅತ್ತಿಗೆ ಕಾಗದ ನೋಡಲಿಲ್ಲ, ಆಕಾಶ ನೋಡಿದಳು. ಮೋಡ ಸರಿದು ಬಿಸಿಲು ಬಿದ್ದರೆ ಡುಮ್ಮಿಯ ಹೊಟ್ಟೆಯ ಅನಿಲ ಕಾಯುತ್ತದೆ, ಕಾದರೆ ಉಬ್ಬುತ್ತದೆ, ಉಬ್ಬಿದರೆ ಇನ್ನೂ ಒಂದು ಟನ್ ಎತ್ತುವ ಬಲ ಬರುತ್ತದೆ, ನೀರು ಪೂರ್ತಿ ತುಂಬುವುದೇ ಒಳ್ಳೆಯದು ಎಂದಳು. ಹವಾಮಾನದವರು ಮಧ್ಯಾಹ್ನದವರೆಗೂ ಮೋಡ ಎಂದಿದ್ದಾರೆ ಎಂದ ಅವನು. ಅವಳು ಹಗ್ಗದ ಕಡೆ ನಡೆದಳು. ಜೇಬಿನಲ್ಲಿದ್ದ ಕಾಗದ ಬಾಯಿಗೆ ಬೀಗ ಹಾಕಿತ್ತು.

ಡುಮ್ಮಿ ಬಂದದ್ದು ನೋಡುವಂತಿತ್ತು. ಬೂದು ಮೋಡದೊಳಗಿಂದ ಒಂದು ಬಿಳಿ ಮೋಡ ಕಳಚಿಕೊಂಡು ಇಳಿದಂತೆ ಸದ್ದಿಲ್ಲದೆ ಇಳಿದಳು. ಆರು ಹಗ್ಗಗಳು ನೆಲ ಮುಟ್ಟಿದವು. ಉದ್ದ ಸೀಟಿ ಕೇಳಿತು. ಇಪ್ಪತ್ನಾಲ್ಕು ಜನ ಓಡಿ ಹಿಡಿದು, ನೆಲದ ಮೇಲೆ ಸುಣ್ಣದಲ್ಲಿ ಬರೆದ ಚೌಕಕ್ಕೆ ಪೆಟ್ಟಿಗೆಯನ್ನು ಒಂದು ಗೇಣೂ ಆಚೀಚೆಯಾಗದಂತೆ ಕೂರಿಸಿದರು. ಅತಿಥಿಗಳು ಚಪ್ಪಾಳೆ ತಟ್ಟಿದರು. ಮ್ಯಾನೇಜರು ತಮ್ಮ ಮಗುವಿಗೆ ಮೊದಲ ಹೆಜ್ಜೆ ಬಂದಷ್ಟು ಹಿಗ್ಗಿದರು. ಟ್ಯಾಂಕರಿನ ಕೊಳವೆ ಡುಮ್ಮಿಯ ಹೊಟ್ಟೆಗೆ ಸೇರಿತು, ನೀರು ಏರತೊಡಗಿತು.

ಅರ್ಧ ನೀರು ತುಂಬಿತು. ಎಂಜಿನಿಯರ್ ಕೈ ಬೀಸಿದ. ಪೆಟ್ಟಿಗೆಯ ನಾಲ್ಕು ಕೊಂಡಿಗಳೂ ಠಣ್ ಎಂದು ಬಿಚ್ಚಿಕೊಂಡವು. ಎಂಜಿನ್‌ಗಳ ಸದ್ದು ಏರಿತು, ಡುಮ್ಮಿ ಒಮ್ಮೆ ಮೈ ಕೊಡವಿ ನಿಂತಳು. ಲೆಕ್ಕ ಸರಿಯಾಗಿಯೇ ಇತ್ತು. ಆಗ ಮೈದಾನದ ಆಚೆ ತುದಿಯಲ್ಲಿ ಹುಲ್ಲು ಹೊಳೆಯಿತು. ಆ ಹೊಳಪು ಹುಲ್ಲಿನ ಮೇಲೆ ಓಡುತ್ತಾ ಬಂದು ಟ್ಯಾಂಕರನ್ನು ದಾಟಿ ಅತ್ತಿಗೆಯ ಕೈಗವಸಿನ ಮೇಲೆ ಬಿತ್ತು. ಮೋಡ ಸರಿದಿತ್ತು. ಬೆಳಗಿನಿಂದ ತಣ್ಣಗಿದ್ದ ಡುಮ್ಮಿಯ ಬೆನ್ನು ಪೂರ್ತಿ ಬಿಸಿಲಿಗೆ ಬಿದ್ದಿತ್ತು.

ಒಂದು ನಿಮಿಷ ಏನೂ ಆಗಲಿಲ್ಲ. ಎರಡನೆಯ ನಿಮಿಷದಲ್ಲಿ ಹಗ್ಗ ಅವಳ ಅಂಗೈಯಲ್ಲಿ ಬೆರಳಗಲ ಮೇಲೆ ಜಾರಿತು. ಅವಳಿಗೆ ತಿಳಿದುಹೋಯಿತು. ಎಂಜಿನಿಯರಿಗೂ ತಿಳಿಯಿತೆಂದು ತೋರುತ್ತದೆ, ಅವನ ಮುಖ ಹುಳ್ಳಗಾಯಿತು. ಆದರೆ ಎದುರಿಗೆ ಅತಿಥಿಗಳು, ಪಕ್ಕದಲ್ಲಿ ಮ್ಯಾನೇಜರು. ಅವನು ಸೀಟಿ ಬಾಯಿಗಿಟ್ಟು ಉದ್ದಕ್ಕೆ ಊದಿದ. ಹಿಡಿಯಿರಿ ಎಂದು. ಇಪ್ಪತ್ನಾಲ್ಕು ಜನ ಹಿಮ್ಮಡಿ ಊರಿ ಹಿಡಿದರು. ಡುಮ್ಮಿ ಇನ್ನೊಂದು ಮೊಳ ಎದ್ದಳು. ಮತ್ತೆ ಉದ್ದ ಸೀಟಿ.

ಅತ್ತಿಗೆಯ ಮಾತು ಹಲ್ಲಿನವರೆಗೂ ಬಂತು. ಅದರ ಜೊತೆಗೇ ಆ ಕಾಗದವೂ ನೆನಪಿಗೆ ಬಂತು, ಕಾಗದದ ಹಿಂದೆ ಇನ್ನೊಂದು ಹಳೆಯ ಯೋಚನೆಯೂ ಬಂತು: ನಾನು ಬಿಟ್ಟರೆ ನೌಕೆಯೇ ಹೋಯಿತಲ್ಲ. ಎಂಟು ವರ್ಷ ಇವರಿಗೆಲ್ಲ ಪಾಠ ಹೇಳಿದ ಹೆಂಗಸು, ಮೊದಲ ದಿನದ ಹೊಸಬಳ ಹಾಗೆ, ಬೆರಳು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಹಗ್ಗ ಹಿಡಿದು ನಿಂತಿದ್ದಳು. ಅರ್ಧ ಉಸಿರಿನಷ್ಟು ಹೊತ್ತು. ಆ ಅರ್ಧ ಉಸಿರನ್ನು ಅವಳು ಆಮೇಲೆ ಯಾವತ್ತೂ ಯಾರಿಂದಲೂ ಮುಚ್ಚಿಡಲಿಲ್ಲ.

"ಕೈ ಖಾಲಿ!"

ಹಿಂದಿನಿಂದ, ಬೆನ್ನಿಗೆ ಗುದ್ದಿದ ಹಾಗೆ ಬಂತು ಆ ಕೂಗು. ನಾದಿನಿಯದು.

ಅತ್ತಿಗೆ ಯೋಚಿಸಲಿಲ್ಲ. ಯೋಚಿಸುವ ಮೊದಲೇ ಅವಳ ಕೈ ತೆರೆದುಕೊಂಡಿತ್ತು. ಆರೂ ಹಗ್ಗಗಳ ಉದ್ದಕ್ಕೂ ನಲವತ್ತೆಂಟು ಕೈಗಳು ಒಂದೇ ಸಲ ತೆರೆದುಕೊಂಡವು, ಒಂದೂ ಹಿಂದೆ ಬೀಳಲಿಲ್ಲ. ಡುಮ್ಮಿ ಹಾರಿದಳು. ನೀರಿನ ಕೊಳವೆ ಕಿತ್ತು ಬಂದು ಹಾವಿನಂತೆ ಹೊರಳಾಡಿ, ಅತಿಥಿಗಳಿಗೂ ಮ್ಯಾನೇಜರ ಹೊಸ ಕೋಟಿಗೂ ಸಮಪಾಲು ಸ್ನಾನ ಮಾಡಿಸಿತು. ಅತ್ತಿಗೆ ಹುಲ್ಲಿನ ಮೇಲೆ ಬಿದ್ದು ಕೂತಲ್ಲಿಂದಲೇ ತಲೆ ಎಣಿಸಿದಳು. ಒಂದು, ಎರಡು, ಐದು, ಹನ್ನೆರಡು. ತನ್ನನ್ನೂ ಸೇರಿಸಿ ಇಪ್ಪತ್ನಾಲ್ಕು. ಎಲ್ಲರೂ ನೆಲದ ಮೇಲೆ. ಮೇಲೆ ತೂಗುತ್ತಿದ್ದ ಆರು ಹಗ್ಗಗಳಲ್ಲಿ ಒಂದರಲ್ಲೂ ಯಾರೂ ಇಲ್ಲ. ಅರ್ಧ ಉಸಿರಿನ ನಾಚಿಕೆ ಒಂದು ಕಡೆ ಚುಚ್ಚುತ್ತಿತ್ತು, ಆದರೆ ಹೆಮ್ಮೆ ಅದಕ್ಕಿಂತ ದೊಡ್ಡದಿತ್ತು, ಅದನ್ನು ಎಲ್ಲಿಡುವುದೆಂದು ಅವಳಿಗೆ ತಿಳಿಯಲಿಲ್ಲ.

"ನಿಮ್ಮ ಗಿಡ್ಡ ಕಾಲು ನೆಲ ಬಿಟ್ಟಿತ್ತು ಅತ್ತಿಗೆ," ಎಂದಳು ನಾದಿನಿ ಏದುಸಿರು ಬಿಡುತ್ತಾ. "ಎಲ್ಲರಿಗಿಂತ ಮೊದ್ಲು ಅದೇ ಎದ್ದಿದ್ದು. ನಾನು ಬೆಳಗ್ಗೆಯಿಂದ ಅದನ್ನೇ ನೋಡ್ತಾ ಇದ್ದೆ."

"ನೀನು ಯಾವತ್ತು ಬಿಟ್ಟಿದ್ದೀಯೆ ಮಾರಾಯ್ತಿ," ಎಂದಳು ಅತ್ತಿಗೆ.

"ಚಹಾ ಇದ್ರೆ ಬಿಡಲ್ಲ," ಎಂದಳು ನಾದಿನಿ. "ಹಗ್ಗದಲ್ಲಿ ಚಹಾ ಎಲ್ಲಿದೆ?"

ಡುಮ್ಮಿಯ ಪೈಲಟ್ ಪಳಗಿದವನು. ಒಂದಿಷ್ಟು ಅನಿಲ ಬಿಟ್ಟು, ದೊಡ್ಡ ಸುತ್ತು ಹಾಕಿ, ಮತ್ತೆ ಮೋಡ ಕವಿಯುವವರೆಗೆ ಕಾದು, ಎಂಜಿನ್‌ಗಳನ್ನು ಕೆಳಮುಖ ಮಾಡಿಕೊಂಡು ಅರ್ಧ ಗಂಟೆಯಲ್ಲಿ ಮರಳಿ ಬಂದ. ಹಗುರಾದ ನೌಕೆಯನ್ನು ಹಿಡಿಯುವುದು ಭಾರದ ನೌಕೆಯನ್ನು ಹಿಡಿಯುವುದಕ್ಕಿಂತ ಕಷ್ಟ. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ, ಅತ್ತಿಗೆ ಕುಂಟುತ್ತಾ ಹೋಗಿ ಡುಮ್ಮಿಯ ಮೂಗಿನ ಎದುರಿಗೆ, ತನ್ನ ಹಳೆಯ ಜಾಗದಲ್ಲಿ ನಿಂತು ಎರಡೂ ಕೈ ಎತ್ತಿದಳು. ಅವಳು ಬಿಟ್ಟ ಜಾಗಕ್ಕೆ ಸೀಟಿ ಜೇಬಿಗೆ ಹಾಕಿಕೊಂಡು ಎಂಜಿನಿಯರನೇ ಹೋಗಿ ನಿಂತ. ಆ ಇಪ್ಪತ್ನಾಲ್ಕು ಜನ ಅವಳ ಬೆರಳ ಸನ್ನೆಗೆ ಎಳೆದು, ಸಡಿಲಿಸಿ, ಒಂದು ಹೆಜ್ಜೆ ಮುಂದೆ ಅರ್ಧ ಹೆಜ್ಜೆ ಹಿಂದೆ ಇಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಡುಮ್ಮಿಯನ್ನು ಅದೇ ಸುಣ್ಣದ ಚೌಕದ ಮೇಲಕ್ಕೆ ತಂದರು. ಆಮೇಲೆ ಕಿತ್ತ ಕೊಳವೆ ಮತ್ತೆ ಜೋಡಿಸಿ ಉಳಿದ ನೀರು, ಪೂರ್ತಿ ಹನ್ನೆರಡು ಟನ್ ಆಗುವವರೆಗೆ. ನಲವತ್ತು ನಿಮಿಷ ಹಿಡಿಯಿತು. ಒದ್ದೆ ಬಟ್ಟೆಯಲ್ಲಿ ನಿಂತ ಅತಿಥಿಗಳು ಒಬ್ಬರೂ ಬೇಸರಪಡಲಿಲ್ಲ.

ಕೋಟು ಹಿಂಡಿಕೊಳ್ಳುತ್ತಾ ಬಂದ ಮ್ಯಾನೇಜರು ಮೊದಲು ಕೇಳಿದ್ದು, ಆ ಪದ ಕೂಗಿದವರು ಯಾರು ಎಂದು. ನಾದಿನಿ ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಅಡ್ಡ ಬಂದಳು. ಜೇಬಿನಿಂದ ಕಾಗದ ತೆಗೆದು ಚಾಚಿದಳು.

"ಕೂಗಿದ್ದು ಯಾರೇ ಆಗ್ಲಿ, ಮಾತು ನಂದು ಸರ್. ಕಲಿಸಿದ್ದು ನಾನು. ಕಾಗದದಲ್ಲಿ ಬರೆದ ಹಾಗೆ ಮಾಡಿ. ನಂಗೆ ಬೇಜಾರಿಲ್ಲ, ಎಲ್ಲರೂ ನೆಲದ ಮೇಲಿದ್ದಾರೆ."

ಎಂಜಿನಿಯರ್ ಮುಂದೆ ಬಂದ. ತಪ್ಪು ಊದಿದ್ದು ನಾನು, ಬೆಳಗ್ಗೆಯೇ ಅವರು ಬಿಸಿಲಿನ ವಿಷಯ ಹೇಳಿದ್ದರು, ಕೇಳದವನು ನಾನು ಎಂದು ಅತಿಥಿಗಳ ಎದುರಿಗೇ ಹೇಳಿ, ಸೀಟಿಯನ್ನು ಅವಳ ಕೈಗೆ ಕೊಡಲು ಹೋದ. ಒಂದು ಅಕ್ಷರವನ್ನೂ ನುಂಗಲಿಲ್ಲ. ಅತ್ತಿಗೆಗೆ ಅವನ ಮೇಲೂ ಹೆಮ್ಮೆಯಾಯಿತು. ಸೀಟಿ ಇಟ್ಟುಕೊಳ್ಳಿ ಸರ್, ಮುಂದೆ ಮಕ್ಕಳ ಆಟಕ್ಕಾದರೂ ಆಗುತ್ತದೆ ಎಂದಳು.

ಡಾಕ್ಟರಮ್ಮ ಒದ್ದೆ ಕೂದಲು ಹಿಂದಕ್ಕೆ ತಳ್ಳಿಕೊಂಡು ಹಗ್ಗದವರ ಹತ್ತಿರ ಬಂದರು. ಎಷ್ಟು ಜನಕ್ಕೆ ಗಾಯ ಎಂದು ಕೇಳಿದರು. ಒಬ್ಬರಿಗೂ ಇಲ್ಲ ಎಂದಿತು ತಂಡ. ಅವರು ನಂಬದೆ ಕೈಗವಸು ತೆಗೆಸಿ ಒಬ್ಬೊಬ್ಬರ ಅಂಗೈಯನ್ನೂ ತಿರುಗಿಸಿ ನೋಡಿದರು. ಹಗ್ಗ ಎಳೆದುಕೊಂಡು ಹೋಗಿ ಸಿಪ್ಪೆ ಸುಲಿದ ಅಂಗೈಗಳನ್ನು ಅವರು ಬೇಕಾದಷ್ಟು ಹೊಲಿದವರು. ಇಲ್ಲಿ ಒಂದು ಅಂಗೈ ಮೇಲೂ ಗೀರಿಲ್ಲ. ಕೊನೆಯ ಅಂಗೈ ನೋಡಿ ಮುಗಿಸಿ ಮ್ಯಾನೇಜರ ಕಡೆ ತಿರುಗಿದರು.

"ನೌಕೆ ತಗೊಳ್ತೀವಿ," ಎಂದರು. "ಆದ್ರೆ ನಮ್ಮ ಜನಕ್ಕೂ ಈ ಅಮ್ಮನೇ ಹೇಳಿಕೊಡಬೇಕು. ಇವರಿಲ್ದೆ ನಮಗೆ ನೌಕೆ ಬೇಡ."

ಇದು ನಮ್ಮ ಸಂಸ್ಥೆಯ ವಿಶೇಷ ತರಬೇತಿ, ಮೊದಲಿನಿಂದಲೂ ನಾವು ಇದಕ್ಕೆ ಒತ್ತು ಕೊಡುತ್ತಾ ಬಂದಿದ್ದೇವೆ ಎಂದು ಮ್ಯಾನೇಜರು ರಾಗ ಎಳೆದರು. ನಾದಿನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅತ್ತಿಗೆ ಚಾಚಿದ್ದ ಕಾಗದವನ್ನು ಮ್ಯಾನೇಜರು ತೆಗೆದುಕೊಂಡು, ಯಾರೂ ನೋಡಲಿಲ್ಲ ಎಂದುಕೊಂಡು ನಾಲ್ಕು ಮಡಿಕೆ ಮಾಡಿ ಒದ್ದೆ ಕೋಟಿನೊಳಗೆ ತುರುಕಿದರು. ಎಲ್ಲರೂ ನೋಡಿದರು.

ಅತಿಥಿಗಳು ಹೊರಟ ಮೇಲೆ ತಂಡ ಕ್ಯಾಂಟೀನಿಗೆ ನುಗ್ಗಿತು. ಬಾಗಿಲಲ್ಲೇ ಎಲ್ಲರೂ ಗಕ್ಕನೆ ನಿಂತರು. ಉದ್ದ ಮೇಜಿನ ಮೇಲೆ ಸ್ಟೀಲ್ ಲೋಟ ಒಂದೂ ಇರಲಿಲ್ಲ. ನೀಲಿ ಅಂಚಿನ ಪಿಂಗಾಣಿ ಕಪ್ಪುಗಳು ಸಾಲಾಗಿ ಹಬೆಯಾಡುತ್ತಿದ್ದವು. ಬೀರು ಬರಿದಾಗಿತ್ತು, ಬೀಗ ಕೊಂಡಿಗೆ ನೇತಾಡುತ್ತಿತ್ತು. ಮಾಮ ಸೌಟು ಹಿಡಿದು, ಬೆನ್ನು ಬಾಗಿಸಿಕೊಂಡು ಮೇಜಿನ ತಲೆಯ ಕಡೆ ನಿಂತಿದ್ದ.

ಎಲ್ಲರೂ ಹೊಸ ಮನೆಗೆ ಹೆಜ್ಜೆ ಇಡುವವರಂತೆ ಮೆಲ್ಲಗೆ ಬಂದು ಕೂತು ಕಪ್ಪು ಎತ್ತಿಕೊಂಡರು. ಒಬ್ಬೊಬ್ಬರ ಕಣ್ಣೂ ಅತ್ತಿಗೆಯ ಬಾಯಿಯ ಮೇಲೆ. ಅವಳು ನಕ್ಕು, ಇವತ್ತು ಬಾಯಿ ಬಿಡುವುದಿಲ್ಲ ಎಂದು ತುಟಿಗೆ ಬೆರಳಿಟ್ಟು ತೋರಿಸಿದಳು. ಎಂಜಿನಿಯರನೂ ಮೇಜಿನ ಕೊನೆಯಲ್ಲಿ ಜಾಗ ಮಾಡಿಕೊಂಡು ಒಂದು ಕಪ್ಪು ಹಿಡಿದು ಕೂತಿದ್ದ. ಅತ್ತಿಗೆ ತನ್ನ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಮಾಮನ ಕಡೆ ನೋಡಿದಳು. ಎಂಟು ವರ್ಷದ ಮಾತು ಇವತ್ತಾದರೂ ಹೊರಗೆ ಬಂದೀತು ಎನಿಸಿತು.

"ಮಾಮ," ಎಂದಳು. "ಅವತ್ತು ನಾನು ಬಿಡಬೇಕಿತ್ತು. ನಾನು ಬಿಟ್ಟಿದ್ರೆ ನೀವೂ ಬಿಡ್ತಿದ್ರಿ."

ಮಾಮ ಸೌಟನ್ನು ಪಾತ್ರೆಯೊಳಗೆ ಇಟ್ಟ. ಅವಳ ಮುಖ ನೋಡಿದ, ತಂಡದವರ ಮುಖಗಳನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೊಂದಾಗಿ ನೋಡಿದ, ಎಲ್ಲರೂ ಇದ್ದಾರೆಯೇ ಎಂದು ಎಣಿಸುವವನ ಹಾಗೆ. ಆಮೇಲೆ ಮೇಜಿಗೆ ಕೈ ಊರಿ, ನೋವಾದರೂ ಸರಿ ಎಂದು, ತನ್ನ ಬೆನ್ನು ಎಷ್ಟು ನೆಟ್ಟಗಾಗುತ್ತದೋ ಅಷ್ಟು ನೆಟ್ಟಗೆ ಮಾಡಿಕೊಂಡ.

"ಕೈ ಖಾಲಿ," ಎಂದ.

ಕ್ಯಾಂಟೀನು ಪಿಂಗಾಣಿ ಒಡೆಯುವ ಸದ್ದಿನಿಂದ ತುಂಬಿಹೋಯಿತು. ನೀಲಿ ಅಂಚಿನ ಚೂರುಗಳು ಬೆಂಚಿನ ಕೆಳಗೆ, ಬೂಟುಗಳ ನಡುವೆ, ಬಾಗಿಲವರೆಗೂ ಚಿಮ್ಮಿದವು. ಅತ್ತಿಗೆಯ ಕೈ ಎದೆಯ ಮುಂದೆ ತೆರೆದಿತ್ತು, ಚಹಾ ಅವಳ ಮೊಣಕಾಲಿನಿಂದ ಇಳಿಯುತ್ತಿತ್ತು. ಕಣ್ಣಿನಿಂದ ಇಳಿಯುತ್ತಿದ್ದುದನ್ನು ಅವಳು ಒರೆಸಿಕೊಳ್ಳಲಿಲ್ಲ. ನಾದಿನಿಯ ಕಪ್ಪು ಎಲ್ಲರದಕ್ಕಿಂತ ಮೊದಲು ಬಿದ್ದಿತ್ತು, ಅದೂ ತುಂಬಿದ ಕಪ್ಪು. ಮಾಮ ಗೋಡೆಗೆ ಒರಗಿಸಿದ್ದ ಪೊರಕೆ ತೆಗೆದುಕೊಂಡ. ಯಾರೋ ಎದ್ದು ಸಹಾಯಕ್ಕೆ ಹೋದರೆ ಗದರಿ ಕೂರಿಸಿದ, ಇದು ನನ್ನ ಕೆಲಸ ಎಂದ. ಚೂರುಗಳನ್ನು ಅವನು ಗುಡಿಸಿದ ರೀತಿ ನೋಡಿದರೆ, ಬಿದ್ದದ್ದರಲ್ಲಿ ಒಂದೂ ಅವನಿಗೆ ನಷ್ಟವೆನಿಸಿದಂತೆ ಕಾಣಲಿಲ್ಲ.

ಒಂದೇ ಒಂದು ಕಪ್ಪು ಉಳಿದಿತ್ತು. ಮೇಜಿನ ಕೊನೆಯಲ್ಲಿ ಎಂಜಿನಿಯರ್ ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ಕೆಂಪಾಗಿದ್ದ. ಅತ್ತಿಗೆ ಜೇಬಿನಿಂದ ಪುಸ್ತಕ ತೆಗೆದಳು. ಹೊಸ ಪುಟ ತಿರುವಿ, ಒಂದು ಗೀಟು ಎಳೆದಳು.

"ನಾಳೆ ಬೆಳಗ್ಗೆ ಆರು ಗಂಟೆಗೆ ಹಗ್ಗದ ಹತ್ರ ಬನ್ನಿ ಸರ್," ಎಂದಳು. "ಸ್ಟೀಲ್ ಲೋಟದಿಂದ ಶುರು ಮಾಡೋಣ."